ಮನೆಗೆ ಮಾರಿ, ಊರಿಗೆ ಉಪಕಾರಿ: ಎರಡು ಮುಖದ ಗಂಡನ ಕಥೆಯನ್ನು ನಾಟಕಕಾರರು ಕಟ್ಟುವ ಬಗೆ

‘ಮನೆಗೆ ಮಾರಿ, ಊರಿಗೆ ಉಪಕಾರಿ’ ಎಂಬ ಗಾದೆಯನ್ನು ನೀವು ಕೇಳಿಯೇ ಇರುತ್ತೀರಿ. ಹೊರಗೆ ಎಲ್ಲರಿಗೂ ಬೇಕಾದವನು, ನಗುನಗುತ್ತಾ ಮಾತನಾಡಿಸುವವನು, ಕಷ್ಟ ಎಂದವರಿಗೆ ಕೈಗಡ ಕೊಡುವವನು. ಮನೆಯ ಬಾಗಿಲು ಹಾಕಿಕೊಂಡ ಮೇಲೆ ಅವನೇ ಬೇರೆ ಮನುಷ್ಯ. ಗಾದೆಯು ನಾಲ್ಕೇ ಪದಗಳಲ್ಲಿ ಒಂದು ಪಾತ್ರವನ್ನು ಸಿದ್ಧಮಾಡಿ ನಮ್ಮ ಕೈಗೆ ಕೊಟ್ಟುಬಿಡುತ್ತದೆ. ಆದರೆ ಪಾತ್ರ ಸಿಕ್ಕಿದ ಮಾತ್ರಕ್ಕೆ ನಾಟಕವಾಗುವುದಿಲ್ಲ. ಈ ಎರಡು ಮುಖಗಳಲ್ಲಿ ಯಾವುದನ್ನು ಮೊದಲು ತೋರಿಸಬೇಕು? ಹೆಂಡತಿಗೆ ತಿಳಿದದ್ದು ಪ್ರೇಕ್ಷಕರಿಗೆ ಯಾವಾಗ ತಿಳಿಯಬೇಕು? ಪ್ರೇಕ್ಷಕರಿಗೆ ತಿಳಿದದ್ದು ಊರಿಗೆ ಯಾವಾಗ ತಿಳಿಯಬೇಕು? ಇಂಥ ನಾಟಕಗಳ ಕಥಾಸಂವಿಧಾನವೆಲ್ಲ ಈ ಪ್ರಶ್ನೆಗಳ ಮೇಲೆಯೇ ನಿಂತಿದೆ.

ಶಿವಮೊಗ್ಗದ ಕುವೆಂಪು ರಂಗಮಂದಿರದಲ್ಲೋ ನಿಮ್ಮ ಕಾಲೇಜಿನ ಸಭಾಂಗಣದಲ್ಲೋ ಇಂಥ ಕಥೆಯ ನಾಟಕವೊಂದು ಮುಗಿದ ಮೇಲೆ ಹೊರಗೆ ಬರುವ ಗುಂಪಿನಲ್ಲಿ ಒಂದು ಮಾತು ಕೇಳಿಬರುವುದುಂಟು: “ಅವಳು ಮೊದಲೇ ಬಿಟ್ಟು ಬರಬಹುದಿತ್ತಲ್ಲ!” ಈ ಮಾತು ಕೇಳಿಬಂದರೆ ತಪ್ಪು ಪ್ರೇಕ್ಷಕರದಲ್ಲ, ನಾಟಕ ಕಟ್ಟಿದವರದು ಎಂದು ನನ್ನ ಅಭಿಪ್ರಾಯ. ಮೊದಲ ದೃಶ್ಯದಲ್ಲಿಯೇ ಗಂಡ ಕಣ್ಣು ಕೆಂಪಗೆ ಮಾಡಿಕೊಂಡು, ಮೀಸೆ ತಿರುವುತ್ತಾ, ತಟ್ಟೆ ಎಸೆಯುತ್ತಾ ಬಂದರೆ ಅವನೊಡನೆ ಒಂದು ದಿನವೂ ಬಾಳಬಾರದು ಎಂದು ನಮಗೆ ಐದೇ ನಿಮಿಷದಲ್ಲಿ ತಿಳಿದುಹೋಗುತ್ತದೆ. ಅಷ್ಟು ಬೇಗ ತಿಳಿಯುವುದಾದರೆ ಆ ಹೆಣ್ಣು ಹತ್ತು ವರ್ಷ ಯಾಕೆ ಇದ್ದಳು ಎಂಬುದು ಒಗಟಾಗಿ ಉಳಿಯುತ್ತದೆ, ದೋಷವೆಲ್ಲ ಅವಳ ತಲೆಗೆ ಬರುತ್ತದೆ.

ನಮ್ಮ ಜಿಲ್ಲೆಯದೇ ಆದ ಒಂದು ಕಥೆಯನ್ನು ಇಲ್ಲಿ ಹೋಲಿಕೆಗೆ ತೆಗೆದುಕೊಳ್ಳಬಹುದು. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಕುವೆಂಪು ಅವರು 1936ರಲ್ಲಿ ಪ್ರಕಟಿಸಿದ ‘ಕಾನೂರು ಹೆಗ್ಗಡಿತಿ’ಯಲ್ಲಿ ಚಂದ್ರಯ್ಯಗೌಡರು ಸುಬ್ಬಮ್ಮನಿಗೆ ಕೊಡುವ ಹಿಂಸೆ ಗುಟ್ಟಿನದಲ್ಲ. ಮನೆಯವರು, ಆಳುಕಾಳು, ಸುತ್ತಣ ಒಕ್ಕಲು ಎಲ್ಲರಿಗೂ ಗೌಡರ ಸ್ವಭಾವ ಗೊತ್ತು. ಗಿರೀಶ ಕಾರ್ನಾಡರು 1999ರಲ್ಲಿ ಅದನ್ನು ಚಲನಚಿತ್ರ ಮಾಡಿ ತಾವೇ ಆ ಪಾತ್ರ ವಹಿಸಿದಾಗಲೂ ಆ ದರ್ಪ ಎಲ್ಲರೆದುರಿಗೇ ನಡೆಯುವ ದರ್ಪ. ಅಲ್ಲಿ ‘ಗೊತ್ತಿದ್ದೂ ಎದುರು ನಿಲ್ಲುವವರು ಯಾರು’ ಎಂಬುದು ಪ್ರಶ್ನೆ. ನಾವು ಇಂದು ಹೇಳಹೊರಟಿರುವ ಗಂಡನ ಕಥೆಯಲ್ಲಿ ಪ್ರಶ್ನೆ ಬೇರೆ: ‘ಇವಳ ಮಾತನ್ನು ನಂಬುವವರು ಯಾರು?’

ಒಂದು ಕಥೆ ಕಟ್ಟಿ ನೋಡೋಣ

ಭದ್ರಾವತಿಯಲ್ಲಿ ಒಂದು ನಾಟಕವನ್ನು ಕಲ್ಪಿಸಿಕೊಳ್ಳಿ. ಎಂಬತ್ತರ ದಶಕ, ಕಬ್ಬಿಣದ ಕಾರ್ಖಾನೆ, ಕಾಗದದ ಕಾರ್ಖಾನೆ ಎರಡೂ ಹಗಲಿರುಳು ನಡೆಯುತ್ತಿದ್ದ ಕಾಲ. ಸಾಲು ಕ್ವಾರ್ಟರ್ಸಿನ ಒಂದು ಮನೆ. ಗಂಡ ಕಾರ್ಖಾನೆಯಲ್ಲಿ ನೌಕರ. ಗಣಪತಿ ಉತ್ಸವಕ್ಕೆ ಚಂದಾ ಎತ್ತುವುದರಲ್ಲಿ ಮುಂದು, ಯಾರಿಗಾದರೂ ಮೈ ಸರಿಯಿಲ್ಲ ಎಂದರೆ ಆಸ್ಪತ್ರೆಗೆ ಹೊತ್ತುಕೊಂಡು ಹೋಗುವವನು, ಹಾಡು ಬಲ್ಲವನು. ಹೆಂಡತಿ ಶಿವಮೊಗ್ಗದವಳು, ಅಲ್ಲಿಯ ಕೋಟೆ ರಸ್ತೆಯ ಕಡೆ ತವರು. ಎರಡು ಊರಿಗೂ ನಡುವೆ ಇಪ್ಪತ್ತು ಕಿಲೋಮೀಟರಿನಷ್ಟು ದಾರಿ, ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಈ ಮುಕ್ಕಾಲು ಗಂಟೆಯ ದಾರಿ ನಿಧಾನವಾಗಿ ದಾಟಲಾಗದ ದೂರವಾಗುವುದೇ ನಾಟಕದ ಮೊದಲ ಅಂಕ.

ಹೇಗೆ? ಬೈಗುಳದಿಂದಲ್ಲ, ಅಕ್ಕರೆಯಿಂದ. ಮದುವೆಯ ಹೊಸದರಲ್ಲಿ ಅವಳು ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಳೆ. “ಈ ಬಿಸಿಲಲ್ಲಿ ಬಸ್ಸಿಗೆ ಕಾಯೋದು ನೋಡೋಕಾಗಲ್ಲ ಕಣೇ, ಬಿಟ್ಟುಬಿಡು, ನಾನು ದುಡೀತಿಲ್ವಾ?” ಎನ್ನುತ್ತಾನೆ. ಪ್ರೇಕ್ಷಕರಿಗೆ ಇದು ಪ್ರೀತಿಯಾಗಿಯೇ ಕಾಣಬೇಕು. ಗಾಂಧಿ ಬಜಾರಿನಿಂದ ಮಲ್ಲಿಗೆ, ಮೈಸೂರು ಪಾಕು ತರುತ್ತಾನೆ. ಅತ್ತೆ ಮಾವಂದಿರ ಕಾಲು ಮುಟ್ಟಿ ನಮಸ್ಕರಿಸುತ್ತಾನೆ. ತವರಿಗೆ ಹೋಗಿ ಬಂದ ದಿನ ಮಾತ್ರ ಊಟ ಬಿಟ್ಟು ಮುಖ ತಿರುಗಿಸಿ ಕೂರುತ್ತಾನೆ, “ನೀನಿಲ್ಲದ ಮನೆ ಮನೆಯಾ?” ಎನ್ನುತ್ತಾನೆ. ಅವಳು ಸಂತೋಷದಿಂದಲೇ ತವರಿನ ಪಯಣ ಕಡಿಮೆ ಮಾಡುತ್ತಾಳೆ. ಹೀಗೆ ಸಂಬಳ ಹೋಯಿತು, ತವರು ಹೋಯಿತು, ಗೆಳತಿಯರ ಕಾಗದ ನಿಂತಿತು. ಒಂದೊಂದು ಬಾಗಿಲು ಮುಚ್ಚುವಾಗಲೂ ಅದಕ್ಕೊಂದು ಸಿಹಿಯಾದ ಕಾರಣವಿದೆ. ಮೊದಲ ಏಟು ಬೀಳುವುದು ಎಲ್ಲ ಬಾಗಿಲುಗಳೂ ಮುಚ್ಚಿದ ಮೇಲೆ. ಏಟಿನ ಮರುದಿನ ಅವನು ಮಗುವಿನಂತೆ ಅಳುತ್ತಾನೆ, ದೇವರ ಮುಂದೆ ಆಣೆ ಮಾಡುತ್ತಾನೆ, ಹೊಸ ಸೀರೆ ಬರುತ್ತದೆ.

ಅಮೆರಿಕದ ಮನಶ್ಶಾಸ್ತ್ರಜ್ಞೆ ಲೆನೋರ್ ವಾಕರ್ 1979ರಲ್ಲಿ ಇಂಥ ಸಂಸಾರಗಳನ್ನು ಕುರಿತು ಬರೆದ ಗ್ರಂಥದಲ್ಲಿ ಇದನ್ನು ಒಂದು ಚಕ್ರವೆಂದು ವಿವರಿಸಿದರು: ಬಿಗುವು ಏರುವುದು, ಹಿಂಸೆ ಸಿಡಿಯುವುದು, ಆಮೇಲೆ ಪಶ್ಚಾತ್ತಾಪದ ಮಧುರ ದಿನಗಳು. ಎಲ್ಲ ಮನೆಗಳಲ್ಲಿಯೂ ಈ ಚಕ್ರ ಹೀಗೆಯೇ ಉರುಳುವುದಿಲ್ಲ ಎಂದು ನಂತರದ ಸಂಶೋಧಕರು ತೋರಿಸಿದ್ದಾರೆ. ಏಟು ಒಂದೂ ಬೀಳದೆಯೂ ಹಣ, ಓಡಾಟ, ಮಾತು ಎಲ್ಲವನ್ನೂ ಹಿಡಿತದಲ್ಲಿಟ್ಟುಕೊಂಡು ಬದುಕನ್ನು ಕಟ್ಟಿಹಾಕುವುದುಂಟು. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 2015ರ ಕಾನೂನು ಆ ಹಿಡಿತವನ್ನೇ ಅಪರಾಧವೆಂದು ಸಾರಿತು. ಆದರೆ ನಾಟಕಕಾರನಿಗೆ ವಾಕರ್ ಅವರ ಮೂರನೆಯ ಘಟ್ಟ ಬಹಳ ಮುಖ್ಯ. ಅವಳನ್ನು ಆ ಮನೆಯಲ್ಲಿ ಉಳಿಸುವುದು ಏಟಿನ ದಿನದ ಭಯವೊಂದೇ ಅಲ್ಲ, ಸೀರೆ ಬಂದ ದಿನದ ನಂಬಿಕೆಯೂ ಹೌದು. ಆ ದಿನವನ್ನು ರಂಗದ ಮೇಲೆ ತೋರಿಸದೆ ಬಿಟ್ಟವರು ಅರ್ಧ ಕಥೆಯನ್ನೇ ಬಿಟ್ಟಂತೆ.

ಪಕ್ಕದ ಮನೆಯವರಿಗೆ ಗೋಡೆಯಾಚೆಯ ಸದ್ದು ಕೇಳುತ್ತದೆ. ಕ್ವಾರ್ಟರ್ಸಿನ ಗೋಡೆ ಎಷ್ಟು ದಪ್ಪ? ಆದರೂ ಯಾರೂ ಬರುವುದಿಲ್ಲ. ಇಲ್ಲಿ ಇನ್ನೊಂದು ಗಾದೆ ಕೆಲಸ ಮಾಡುತ್ತದೆ: ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ.’ ಈ ಮಾತನ್ನು ನಾವು ತಿಳಿವಳಿಕೆಯ ಮಾತೆಂದು ಬಳಸುತ್ತೇವೆ. ನಮ್ಮ ನಾಟಕದಲ್ಲಿ ಮಾತ್ರ ಅದು ಕದಕ್ಕೆ ಹಾಕಿದ ಅಗುಳಿ. ಯಾರಾದರೊಬ್ಬ ಹಿರಿಯರ ಬಾಯಿಂದ ಒಳ್ಳೆಯ ಮನಸ್ಸಿನಿಂದಲೇ ಆ ಗಾದೆಯನ್ನು ಆಡಿಸಿ ನೋಡಿ. ಸಭಾಂಗಣ ಹೇಗೆ ಮೌನವಾಗುತ್ತದೆ ಎಂಬುದು ನಿಮಗೇ ತಿಳಿಯುತ್ತದೆ.

ದೀಪ ಮಂಕಾದ ಮನೆ

ಇಂಥ ಕಥೆಯ ಒಂದು ಪ್ರಸಿದ್ಧ ಮಾದರಿ ಇಂಗ್ಲೆಂಡಿನದು. ಪ್ಯಾಟ್ರಿಕ್ ಹ್ಯಾಮಿಲ್ಟನ್ ಎಂಬ ಲೇಖಕ 1938ರಲ್ಲಿ ಬರೆದ ‘ಗ್ಯಾಸ್ ಲೈಟ್’ ನಾಟಕದಲ್ಲಿ ಗಂಡನು ಮನೆಯ ವಸ್ತುಗಳನ್ನು ತಾನೇ ಬಚ್ಚಿಟ್ಟು, ಕಳೆದವಳು ನೀನು, ನಿನಗೆ ಮರೆವು, ನಿನ್ನ ಬುದ್ಧಿ ಕೆಡುತ್ತಿದೆ ಎಂದು ಹೆಂಡತಿಯನ್ನು ನಂಬಿಸುತ್ತಾ ಹೋಗುತ್ತಾನೆ. ಆಗಿನ ಮನೆಗಳಲ್ಲಿ ಅನಿಲದ ದೀಪ. ಮೇಲಿನ ಮಹಡಿಯಲ್ಲಿ ದೀಪ ಹಚ್ಚಿದರೆ ಕೊಳವೆಯ ಒತ್ತಡ ತಗ್ಗಿ ಕೆಳಗಿನ ದೀಪ ಮಂಕಾಗುತ್ತದೆ. ಗಂಡ ಹೊರಗೆ ಹೋದನೆಂದು ಅವಳು ತಿಳಿದಿರುವ ಹೊತ್ತಿನಲ್ಲಿ ದೀಪ ಮಂಕಾಗುತ್ತದೆ. ಅದು ನಿಜವೋ ತನ್ನ ಭ್ರಮೆಯೋ ಅವಳಿಗೆ ತಿಳಿಯದು. ಈ ನಾಟಕದ ಹೆಸರಿನಿಂದಲೇ ಇಂಗ್ಲಿಷಿನಲ್ಲಿ ‘ಗ್ಯಾಸ್‌ಲೈಟಿಂಗ್’ ಎಂಬ ಮಾತು ಹುಟ್ಟಿತು; ಒಬ್ಬರ ಕಣ್ಣು ಕಿವಿಗಳ ಮೇಲೆ ಅವರಿಗೇ ನಂಬಿಕೆ ಹೋಗುವಂತೆ ಮಾಡುವುದು ಎಂದು ಅದರ ಅರ್ಥ.

ಸಂವಿಧಾನದ ದೃಷ್ಟಿಯಿಂದ ಒಂದು ಸ್ವಾರಸ್ಯವಿದೆ. ನಾಟಕವು ಯಾತನೆ ಈಗಾಗಲೇ ನಡೆದಿರುವ ಮನೆಯಲ್ಲಿ ಆರಂಭವಾಗುತ್ತದೆ. 1944ರ ಹಾಲಿವುಡ್ ಚಿತ್ರವಾದರೋ ಹಿಂದಕ್ಕೆ ಹೋಗಿ, ಇಟಲಿಯಲ್ಲಿ ಪ್ರೇಮ ಚಿಗುರುವಲ್ಲಿಂದ ಹೊರಡುತ್ತದೆ. ನಾವೂ ಮೊದಲು ಆ ಮನುಷ್ಯನ ಮಾತಿಗೆ ಸ್ವಲ್ಪವಾದರೂ ಮರುಳಾಗುತ್ತೇವೆ. ನಾಯಕಿಯಾಗಿದ್ದ ಇಂಗ್ರಿಡ್ ಬರ್ಗ್‌ಮನ್‌ಗೆ ಆ ಪಾತ್ರಕ್ಕಾಗಿ ಆಸ್ಕರ್ ಬಂದಿತು. ಚಿತ್ರದ ತಿರುವು ಇರುವುದು ಹೊಡೆದಾಟದಲ್ಲಲ್ಲ. ಪತ್ತೇದಾರ ಅಧಿಕಾರಿಯೊಬ್ಬ ಅವಳ ಮನೆಗೆ ಬಂದಿರುವಾಗ ದೀಪ ಮಂಕಾಗುತ್ತದೆ, ಅವನಿಗೂ ಅದು ಕಾಣುತ್ತದೆ. ಅಷ್ಟೇ. ಇನ್ನೊಂದು ಜೊತೆ ಕಣ್ಣು ಕಂಡಿತು ಎಂಬುದರಿಂದ ಅವಳ ಬುದ್ಧಿ ಅವಳಿಗೆ ಮರಳಿ ಸಿಗುತ್ತದೆ.

ನಮ್ಮ ಭದ್ರಾವತಿಯ ನಾಟಕಕ್ಕೆ ಅನಿಲದ ದೀಪ ಒಗ್ಗುವುದಿಲ್ಲ. ಅದರ ಬದಲು ಕಾರ್ಖಾನೆಯ ಸೈರನ್ ಇಟ್ಟುಕೊಳ್ಳಬಹುದು. ಪಾಳಿ ಬದಲಾಗುವ ಸೈರನ್ ಕೂಗಿದ್ದನ್ನು ಅವಳು ಕೇಳಿದ್ದಾಳೆ. ಅವನು ಹೊರಟಿಲ್ಲ. “ರೀ, ಸೈರನ್ ಆಯ್ತು” ಎಂದರೆ “ಎಲ್ಲಿ ಆಯ್ತು? ನಿನಗೆ ಇತ್ತೀಚೆಗೆ ಏನೇನೋ ಕೇಳಿಸ್ತಿದೆ, ಡಾಕ್ಟರಿಗೆ ತೋರಿಸ್ಬೇಕು” ಎನ್ನುತ್ತಾನೆ. ಧ್ವನಿಯಲ್ಲಿ ಸಿಟ್ಟಿಲ್ಲ, ಕಾಳಜಿಯಿದೆ. ಮೂರು ನಾಲ್ಕು ಬಾರಿ ಹೀಗಾದ ಮೇಲೆ ಅವಳು ತನ್ನ ಕಿವಿಯನ್ನೇ ಸಂಶಯಿಸುತ್ತಾಳೆ. ಒಂದು ದಿನ ಪಕ್ಕದ ಮನೆಯ ಅಜ್ಜಿ ಹಿತ್ತಿಲಿನಿಂದ ಸಹಜವಾಗಿ ಕೂಗಿ ಕೇಳುತ್ತಾಳೆ: “ಏನಮ್ಮಾ, ಸೈರನ್ ಆಗಿ ಕಾಲು ಗಂಟೆ ಆಯ್ತಲ್ಲ, ನಿಮ್ ಯಜಮಾನ್ರು ಇನ್ನೂ ಹೊರಟಿಲ್ವಾ?” ಅಜ್ಜಿಗೆ ತಾನು ಏನು ಹೇಳಿದೆನೆಂಬುದೇ ಗೊತ್ತಿಲ್ಲ. ಆದರೆ ನಾಟಕ ಅಲ್ಲಿಂದ ತಿರುಗಿತು. ಒಳ್ಳೆಯ ಸಂವಿಧಾನದಲ್ಲಿ ಈ ಎರಡನೆಯ ಸಾಕ್ಷಿ ಹೀಗೆ ಸಣ್ಣ ಬಾಗಿಲಿನಿಂದ ಬರುತ್ತಾನೆ. ಉದ್ಧಾರಕನ ವೇಷದಲ್ಲಿ ಬರಬೇಕಾಗಿಲ್ಲ.

‘ಹುಚ್ಚು’ ಎಂಬ ಪಟ್ಟ ಹೆಣ್ಣಿನ ಮೇಲೆ ಎಷ್ಟು ಭಾರವಾಗಿ ಕೂರುತ್ತದೆ ಎಂಬುದಕ್ಕೆ ನಮ್ಮ ತ್ರಿವೇಣಿಯವರ ‘ಶರಪಂಜರ’ ಕಾದಂಬರಿಯೂ ಎಪ್ಪತ್ತರ ದಶಕದ ಆರಂಭದಲ್ಲಿ ಪುಟ್ಟಣ್ಣ ಕಣಗಾಲರು ಅದರಿಂದ ಮಾಡಿದ ಚಿತ್ರವೂ ಸಾಕ್ಷಿ. ಅಲ್ಲಿಯ ಗಂಡ ಹಿಂಸಕನೆಂದು ಹೇಳುವಂತಿಲ್ಲ. ಆದರೂ ಮೊದಲಿನ ಅಷ್ಟೊಂದು ಪ್ರೀತಿಯ ನಂತರ ಬರುವ ಅವನ ತಣ್ಣನೆಯ ನಡತೆ, ಕಲ್ಪನಾ ಅವರ ಕಾವೇರಿಯನ್ನು ಯಾರೂ ನಂಬದೆ ಹೋಗುವ ಬಗೆ, ನಮ್ಮ ವಿಷಯಕ್ಕೆ ಹತ್ತಿರದ್ದೇ.

ಹಗಲಿನ ಗಂಡ, ಇರುಳಿನ ಗಂಡ

ಕನ್ನಡದಲ್ಲಿ ಈ ಎರಡು ಮುಖದ ಗಂಡನನ್ನು ಎಲ್ಲರಿಗಿಂತ ವಿಚಿತ್ರವಾಗಿ ಕಂಡವರು ಗಿರೀಶ ಕಾರ್ನಾಡರು. 1988ರ ‘ನಾಗಮಂಡಲ’ವನ್ನು ನಿಮ್ಮಲ್ಲಿ ಹಲವರು ಓದಿರಬಹುದು, ಇಲ್ಲವೇ ಟಿ.ಎಸ್. ನಾಗಾಭರಣರ 1997ರ ಚಲನಚಿತ್ರವನ್ನು ನೋಡಿರಬಹುದು. ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಯ ಮೇಲೆ ಕಟ್ಟಿದ ನಾಟಕ ಅದು. ಅಪ್ಪಣ್ಣ ಹೊಸ ಹೆಂಡತಿ ರಾಣಿಯನ್ನು ಮನೆಯೊಳಗೆ ಕೂಡಿ ಬೀಗ ಹಾಕುತ್ತಾನೆ. ಮಧ್ಯಾಹ್ನ ಊಟಕ್ಕೆ ಬರುತ್ತಾನೆ, ಉಂಡು ಸೂಳೆಯ ಮನೆಗೆ ಹೋಗುತ್ತಾನೆ. ಗಂಡನನ್ನು ಒಲಿಸಿಕೊಳ್ಳಲೆಂದು ಕುರುಡವ್ವ ಕೊಟ್ಟ ಬೇರನ್ನು ಅರೆದು ಹಾಕಿದ ಸಾರು ರಕ್ತದಂತೆ ಕೆಂಪಾದದ್ದಕ್ಕೆ ಹೆದರಿದ ರಾಣಿ ಅದನ್ನು ಹುತ್ತಕ್ಕೆ ಸುರಿಯುತ್ತಾಳೆ. ಹುತ್ತದ ನಾಗ ಅವಳಿಗೆ ಒಲಿದು, ಅಪ್ಪಣ್ಣನ ರೂಪದಲ್ಲಿ ಇರುಳು ಬರುತ್ತದೆ, ಅಕ್ಕರೆಯಿಂದ ಮಾತನಾಡಿಸುತ್ತದೆ.

ಸಾಮಾನ್ಯ ನಾಟಕಕಾರ ಒಬ್ಬ ಮನುಷ್ಯನಿಗೆ ಎರಡು ಮುಖ ಕೊಡುತ್ತಾನೆ. ಕಾರ್ನಾಡರು ಒಂದು ಮುಖವನ್ನು ಇಬ್ಬರಿಗೆ ಕೊಟ್ಟರು. ನಮಗೆ ಅವರು ಇಬ್ಬರೆಂದು ಗೊತ್ತು. ರಾಣಿಗೆ ಮಾತ್ರ ಒಬ್ಬನೇ ಗಂಡ: ಇರುಳು ಮುದ್ದು ಮಾಡುವವನು, ಹಗಲು ಮುಖ ಕೊಟ್ಟು ಮಾತನಾಡದವನು. ಹಗಲು ಕೇಳಿದರೆ ಗದರಿಕೆ. ಇರುಳು ಕೇಳಿದರೆ, ಪ್ರಶ್ನೆ ಕೇಳಬಾರದೆಂಬ ನಯವಾದ ಅಪ್ಪಣೆ. ಅವಳು ನಿನ್ನೆಯ ಇರುಳು ಕನಸೇ ಎಂದು ತನ್ನನ್ನು ತಾನೇ ಸಂಶಯಿಸುತ್ತಾಳೆ. ಎರಡು ಮುಖದ ಗಂಡನೊಡನೆ ಬಾಳುವವಳ ಅನುಭವ ಇದೇ ಅಲ್ಲವೇ? ಬೇರೆ ನಾಟಕಗಳು ಮೂರು ಅಂಕಗಳಲ್ಲಿ ಹೇಳುವುದನ್ನು ಇಲ್ಲಿ ಹಗಲು ರಾತ್ರಿಗಳ ಬದಲಾವಣೆಯೇ ಹೇಳುತ್ತದೆ. ಎರಡೂ ಪಾತ್ರಗಳನ್ನು ಒಬ್ಬನೇ ನಟ ಮಾಡುವ ಪದ್ಧತಿಯೂ ಇದಕ್ಕಾಗಿಯೇ. ಚಲನಚಿತ್ರದಲ್ಲಿ ಪ್ರಕಾಶ ರೈ ಎರಡನ್ನೂ ಮಾಡಿದರು. ನಿಮ್ಮ ಕಾಲೇಜಿನಲ್ಲಿ ಆಡುವಾಗ ‘ಇಬ್ಬರು ಹುಡುಗರಿಗೆ ಅವಕಾಶ ಸಿಗಲಿ’ ಎಂದು ಪಾತ್ರ ಹಂಚಿಬಿಡಬೇಡಿ, ನಾಟಕದ ಬೆನ್ನೆಲುಬೇ ಮುರಿದುಹೋಗುತ್ತದೆ.

ನಾಟಕದ ಕೊನೆಯ ಕಡೆಗೆ ರಾಣಿ ಗರ್ಭಿಣಿ. ಅಪ್ಪಣ್ಣ ಪಂಚಾಯಿತಿ ಸೇರಿಸುತ್ತಾನೆ. ಅವಳು ಹುತ್ತಕ್ಕೆ ಕೈಹಾಕಿ ದಿವ್ಯ ಮಾಡುತ್ತಾಳೆ: ಗಂಡನನ್ನೂ ಈ ನಾಗನನ್ನೂ ಬಿಟ್ಟು ಬೇರೆ ಯಾವ ಗಂಡನ್ನೂ ಮುಟ್ಟಿಲ್ಲವೆಂದು ಆಣೆ. ನಾಗ ಕಚ್ಚುವುದಿಲ್ಲ, ಹೆಡೆ ಬಿಚ್ಚಿ ಕೊಡೆ ಹಿಡಿಯುತ್ತದೆ. ಊರು ಅವಳನ್ನು ದೇವಿಯೆಂದು ಹೊಗಳುತ್ತದೆ, ಅಪ್ಪಣ್ಣನೂ ಕಾಲಿಗೆ ಬೀಳುತ್ತಾನೆ. ನೋಡುವಾಗ ಮೈ ಜುಮ್ಮೆನ್ನುವ ದೃಶ್ಯ. ಆದರೆ ಮನೆಗೆ ಹೋದ ಮೇಲೆ ಒಂದು ಮಾತು ಯೋಚಿಸಿ. ಪಂಚಾಯಿತಿ ಅವಳ ಶೀಲವನ್ನು ಕೇಳಿತು. ಮನೆಗೆ ಹೊರಗಿನಿಂದ ಬೀಗ ಹಾಕಿದವನನ್ನು ‘ಯಾಕಪ್ಪಾ ಹಾಕಿದೆ?’ ಎಂದು ಕೇಳಲಿಲ್ಲ. ಬೀಗ ಬಾಗಿಲಲ್ಲೇ ತೂಗುತ್ತಿತ್ತು, ಎಲ್ಲರೂ ಕಂಡಿದ್ದರು. ಸತ್ಯ ಹೇಳಿ ಅವಳು ಗೆಲ್ಲಲಿಲ್ಲ, ಪವಾಡದಿಂದ ಗೆದ್ದಳು. ಪವಾಡ ನಡೆಯದ ಊರುಗಳಲ್ಲಿ ರಾಣಿಯರ ಗತಿಯೇನು ಎಂಬ ಪ್ರಶ್ನೆಯನ್ನು ನಾಟಕ ನಮ್ಮ ಮಡಿಲಿಗೆ ಹಾಕಿ ಹೋಗುತ್ತದೆ. ಕಾರ್ನಾಡರು ಒಂದಕ್ಕಿಂತ ಹೆಚ್ಚು ಮುಕ್ತಾಯಗಳನ್ನು ಬರೆದದ್ದು ಬರಿಯ ಚಮತ್ಕಾರಕ್ಕಲ್ಲ ಎಂದು ನನಗೆ ತೋರುತ್ತದೆ.

ಕಿವಿಗೆ ಕಾಣುವ ಮುಖ

1965ರಲ್ಲಿ ಆರಂಭವಾದ ಭದ್ರಾವತಿ ಆಕಾಶವಾಣಿಯಿಂದ ನಾಟಕ ಕೇಳಿ ಬೆಳೆದ ಮನೆಗಳು ಈ ಸೀಮೆಯಲ್ಲಿ ಬೇಕಾದಷ್ಟಿವೆ. ಎರಡು ಮುಖದ ಗಂಡನಿಗೆ ಬಾನುಲಿಯಷ್ಟು ಒಳ್ಳೆಯ ರಂಗ ಇನ್ನೊಂದಿಲ್ಲ ಎಂದರೆ ನಿಮಗೆ ಆಶ್ಚರ್ಯವಾದೀತು. ಅಲ್ಲಿ ಮುಖವೇ ಇಲ್ಲ. ಇರುವುದು ಧ್ವನಿ, ಬಾಗಿಲಿನ ಸದ್ದು, ಚಿಲಕ. ಅತಿಥಿಗಳನ್ನು ಬೀಳ್ಕೊಡುವ ನಗು, ಬಾಗಿಲು ಮುಚ್ಚಿದ ಸದ್ದು, ಚಿಲಕ ಬಿದ್ದ ಸದ್ದು, ಆಮೇಲೆ ಮೂರು ಕ್ಷಣ ಮೌನ, ಆಮೇಲೆ ಅದೇ ಕಂಠದಲ್ಲಿ ಬೇರೆ ಮನುಷ್ಯ. ಏಟಿನ ಸದ್ದು ಬೇಕಾಗಿಯೇ ಇಲ್ಲ. ಎರಡನೆಯ ಬಾರಿ ಚಿಲಕ ಬಿದ್ದಾಗಲೇ ಕೇಳುಗನ ಎದೆ ಡವಗುಟ್ಟುತ್ತದೆ.

ಕಿರುತೆರೆಯಲ್ಲಿ ಕ್ಯಾಮೆರಾ ಯಾರ ಕಡೆ ಇರಬೇಕೆಂಬುದೇ ಸಮಸ್ಯೆ. ಸದಾ ಗಂಡನ ಮುಖದ ಮೇಲಿದ್ದರೆ ನಾವು ಅವನ ನಟನೆಗೆ ಚಪ್ಪಾಳೆ ತಟ್ಟುತ್ತೇವೆ, ಕೊನೆಗೆ ಅವನೇ ನಾಯಕನಾಗಿಬಿಡುತ್ತಾನೆ. ಎಲ್ಲರೂ ಅವನ ಹಾಸ್ಯಕ್ಕೆ ನಗುವಾಗ ಅಡಿಗೆಮನೆಯ ಬಾಗಿಲಲ್ಲಿ ಕಾಫಿ ತಟ್ಟೆ ಹಿಡಿದು ನಿಂತವಳ ಕೈಯನ್ನು ತೋರಿಸಿದರೆ ಸಾಕು. ಧಾರಾವಾಹಿಗಳಿಗೆ ಇನ್ನೂ ಒಂದು ತೊಡಕು. ದೂರದರ್ಶನದ ಹದಿಮೂರು ಕಂತಿನ ಧಾರಾವಾಹಿಗೆ ಒಂದು ಕೊನೆಯಿತ್ತು. ಕೊನೆಯಿಲ್ಲದ ದೈನಿಕ ಧಾರಾವಾಹಿಯಲ್ಲಿ ಗಂಡ ಹೊಡೆಯಬಹುದು, ಅಳಬಹುದು, ಮತ್ತೆ ಹೊಡೆಯಬಹುದು. ಕಥೆ ಮುಂದುವರಿಯಲು ಅವಳು ಕ್ಷಮಿಸಲೇಬೇಕು. ಹಾಗೆ ನೂರು ಬಾರಿ ಕ್ಷಮಿಸಿದ ನಾಯಕಿ ಮನೆಮನೆಯ ಹೆಣ್ಣುಮಕ್ಕಳಿಗೆ ಏನು ಹೇಳುತ್ತಿದ್ದಾಳೆ?

ಮುಕ್ತಾಯದ ಮಾತಿಗೆ ಬಂದರೆ, ಇಬ್ಸೆನ್ನನ ‘ಗೊಂಬೆಯ ಮನೆ’ಯಲ್ಲಿ ನೋರಾ 1879ರಲ್ಲಿ ಬಾಗಿಲು ಎಳೆದುಕೊಂಡು ಹೊರಟ ಮೇಲೆ ಬಹುಕಾಲ ನಾಟಕಕಾರರಿಗೆ ಎರಡೇ ದಾರಿ ಕಂಡವು: ಅವಳು ಹೊರಡಬೇಕು, ಇಲ್ಲವೇ ಸಹಿಸಬೇಕು. ನಮ್ಮ ದೇಶದಲ್ಲಿ 1983ರಲ್ಲಿ ದಂಡಸಂಹಿತೆಗೆ 498ಎ ಕಲಂ ಸೇರಿ, ಗಂಡ ಹಾಗೂ ಅವನ ಬಂಧುಗಳ ಕ್ರೌರ್ಯ, ಮಾನಸಿಕ ಕ್ರೌರ್ಯವೂ ಸೇರಿದಂತೆ, ಅಪರಾಧವಾಯಿತು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೆಯ ಕಲಂಗಳಲ್ಲಿದೆ. ನಾಟಕಕಾರನ ಕಣ್ಣಿಗೆ ಇನ್ನೂ ಸ್ವಾರಸ್ಯವಾದದ್ದು 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ. ಬೈಗುಳ, ಅವಮಾನ, ಖರ್ಚಿಗೆ ಕೊಡದಿರುವುದು, ಸಂಬಳ ಕಿತ್ತುಕೊಳ್ಳುವುದು ಎಲ್ಲವನ್ನೂ ಅದು ಹಿಂಸೆಯೆಂದು ಎಣಿಸುತ್ತದೆ. ಅವಳು ಇದ್ದ ಮನೆಯಲ್ಲಿಯೇ ಇರುವ ಹಕ್ಕು ಕೊಡುತ್ತದೆ. ಬೇಕಾದರೆ ಮನೆ ಬಿಟ್ಟು ಹೋಗುವಂತೆ ಗಂಡನಿಗೇ ನ್ಯಾಯಾಧೀಶರು ಆಜ್ಞೆ ಮಾಡಬಹುದು. ಬಾಗಿಲು ದಾಟಬೇಕಾದವನು ಅವನು! ಈ ಮೂರನೆಯ ಮುಕ್ತಾಯವನ್ನು ಇಟ್ಟುಕೊಂಡು ಬರೆದ ನಾಟಕಗಳು ನಮ್ಮಲ್ಲಿ ಇನ್ನೂ ಸಾಲದು.

ನಾಟಕ ನೋಡುತ್ತಿರುವಾಗ ‘ಇದು ನಮ್ಮ ಮನೆಯದೇ ಕಥೆ’ ಎಂದು ಎದೆ ಹಿಡಿದುಕೊಂಡವರು ನಿಮ್ಮ ತರಗತಿಯಲ್ಲಿಯೂ ಇರಬಹುದು. ಮಹಿಳಾ ಸಹಾಯವಾಣಿ 181, ಮಕ್ಕಳ ಸಹಾಯವಾಣಿ 1098. ಎರಡಕ್ಕೂ ಕರೆ ಉಚಿತ. ಮಹಿಳಾ ಮತ್ತು ಮಕ್ಕಳ ಇಲಾಖೆಯ ‘ಸಾಂತ್ವನ’ ಕೇಂದ್ರಗಳೂ ಇವೆ. ಗೋಡೆಯಾಚೆಯಿಂದ ಸದ್ದು ಕೇಳಿದ ನೆರೆಯವರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದೆಂದು 2005ರ ಕಾಯ್ದೆಯೇ ಹೇಳುತ್ತದೆ. ಸದ್ಭಾವನೆಯಿಂದ ತಿಳಿಸಿದವರ ಮೇಲೆ ಯಾವ ಹೊಣೆಯೂ ಬೀಳುವುದಿಲ್ಲ.

ಇನ್ನು ಭದ್ರಾವತಿಯ ನಾಟಕವನ್ನು ನಿಮಗೇ ಬಿಟ್ಟಿದ್ದೇನೆ. ಅಜ್ಜಿ ಸೈರನ್ನಿನ ಮಾತಾಡಿ ಒಳಗೆ ಹೋಗಿದ್ದಾಳೆ. ಗಂಡ ಕನ್ನಡಿಯ ಮುಂದೆ ತಲೆ ಬಾಚುತ್ತಾ ಹಾಡು ಗುನುಗುತ್ತಿದ್ದಾನೆ. ಅವಳು ಹಿತ್ತಿಲ ಬಾಗಿಲಲ್ಲಿ ನಿಂತಿದ್ದಾಳೆ. ಎರಡು ಪುಟ ಮೀರದಂತೆ ಮುಂದಿನ ದೃಶ್ಯ ಬರೆಯಿರಿ. ಗಂಡನಿಗೆ ಕೆಟ್ಟ ಮಾತು ಒಂದನ್ನೂ ಕೊಡಬೇಡಿ.